ಜಿಬ್ರಾಲ್ಟರ್ ಬಾಗಿಲು ಕಾದ ಹುಚ್ಚು ಬೆಕ್ಕುಗಳು: ವಿಮಾನದಿಂದ ಸಬ್‌ಮರೀನ್ ಹಿಡಿಯೋದು ಹೇಗೆ?

ಮೊನ್ನೆ ಅಕ್ಕನ ಮಗ ಮೊಬೈಲಲ್ಲಿ ನಮ್ಮ ನೌಕಾಪಡೆಯ ಪಿ-8ಐ ವಿಮಾನದ ವಿಡಿಯೋ ನೋಡ್ತಾ ಕೂತಿದ್ದ. "ಮಾಮಾ, ಇದರ ಬಾಲದ ಹಿಂದೆ ಕಡ್ಡಿ ಥರ ಚಾಚ್ಕೊಂಡಿದೆಯಲ್ಲ, ಅದೇನು? ಪೆಟ್ರೋಲ್ ಹಾಕೋ ಪೈಪಾ?" ಅಂದ. ಅಲ್ಲ ಕಣೋ, ಅದು ಸಬ್‌ಮರೀನ್ ಹುಡುಕೋ ಮೂಗು ಅಂದೆ. ಅವನು ಬಿಡ್ತಾನಾ, ನೀರೊಳಗೆ ಮುಳುಗಿರೋದನ್ನ ಮೇಲೆ ಹಾರೋ ವಿಮಾನ ಹೇಗೆ ಹುಡುಕತ್ತೆ, ಕಾಣತ್ತಾ, ಕೇಳಿಸತ್ತಾ ಅಂತ ಶುರು ಮಾಡ್ದ. ಪೇಪರು ಟೀವಿಲೆಲ್ಲ "ಪಿ-8ಐ ಗಸ್ತು" ಅಂತ ಆಗಾಗ ಬರ್ತಾನೇ ಇರತ್ತೆ, ಆದ್ರೆ ಅದು ಅಲ್ಲಿ ಹೋಗಿ ಏನ್ ಮಾಡತ್ತೆ ಅಂತ ಯಾರೂ ಬಿಡಿಸಿ ಹೇಳಲ್ಲ.

ಇದನ್ನ ಅರ್ಥ ಮಾಡ್ಕೊಳ್ಳೋಕೆ ಒಂದು ಒಳ್ಳೆ ಕಥೆ ಇದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ನೌಕಾಪಡೆಯ ಒಂದು ಸ್ಕ್ವಾಡ್ರನ್ನು ಇದೇ ಬಾಲದ ಯಂತ್ರ ಕಟ್ಕೊಂಡು ಮೊದಲನೇ ಸಲ ಯುದ್ಧಕ್ಕೆ ಹೋಗಿತ್ತು, ಅದರ ಹೆಸರು ವಿಪಿ-63. ಅವರನ್ನ ಕರೀತಿದ್ದಿದ್ದು "ಮ್ಯಾಡ್ ಕ್ಯಾಟ್ಸ್" ಅಂತ, ಹುಚ್ಚು ಬೆಕ್ಕುಗಳು. ಹುಚ್ಚು ಯಾಕೆ, ಬೆಕ್ಕು ಯಾಕೆ, ಎರಡೂ ಮುಂದೆ ಗೊತ್ತಾಗತ್ತೆ.

ಮೊದ್ಲು ಹೆಸರು ಬಿಡಿಸ್ಕೊಳ್ಳೋಣ

ಸ್ಕ್ವಾಡ್ರನ್ ಅಂದ್ರೆ ಒಂದೇ ಥರದ ಕೆಲಸ ಮಾಡೋ ವಿಮಾನಗಳ ಒಂದು ತಂಡ, ಒಬ್ಬ ಕಮಾಂಡರ್ ಕೆಳಗೆ, ಸಾಮಾನ್ಯವಾಗಿ ಹನ್ನೆರಡರಿಂದ ಹದಿನೈದು ವಿಮಾನ ಇರತ್ತೆ, ಜತೆಗೆ ಅವನ್ನ ಹಾರಿಸೋರು, ರಿಪೇರಿ ಮಾಡೋರು ಎಲ್ಲ ಸೇರಿ. ಅಮೆರಿಕ ನೌಕಾಪಡೆಯ ಕೋಡಲ್ಲಿ "ವಿ" ಅಂದ್ರೆ ವಿಮಾನ, ಗಾಳಿ ತುಂಬಿದ ಬಲೂನ್ ಥರದ್ದಲ್ಲ ಅಂತ. "ಪಿ" ಅಂದ್ರೆ ಪಟ್ರೋಲ್, ಗಾಡಿಗೆ ಹಾಕೋ ಪೆಟ್ರೋಲ್ ಅಲ್ಲ ಮತ್ತೆ, ಗಸ್ತು. 1944ರ ಅಕ್ಟೋಬರ್ 1ಕ್ಕೆ ಇಂಥ ಸ್ಕ್ವಾಡ್ರನ್‌ಗಳ ಹೆಸರಿಗೆಲ್ಲ "ಬಿ" ಕೂಡ ಸೇರಿಸಿದ್ರು, ಬಾಂಬಿಂಗ್ ಅಂತ. ಹಾಗಾಗಿ ವಿಪಿ-63 ಅನ್ನೋದು ವಿಪಿಬಿ-63 ಆಯ್ತು. ಗಸ್ತೂ ತಿರುಗ್ಬೇಕು, ಶತ್ರು ಸಿಕ್ಕಿದ್ರೆ ಬಾಂಬೂ ಹಾಕ್ಬೇಕು, ಅಷ್ಟೇ ಅದರ ಅರ್ಥ.

ಅವರ ಹತ್ರ ಇದ್ದ ವಿಮಾನ ಪಿಬಿವೈ ಕ್ಯಾಟಲೀನಾ. ಪಿಬಿ ಅಂದ್ರೆ ಮತ್ತೆ ಅದೇ ಪಟ್ರೋಲ್ ಬಾಂಬರ್, ವೈ ಅನ್ನೋದು ತಯಾರಿಸಿದ ಕನ್ಸಾಲಿಡೇಟೆಡ್ ಕಂಪನಿಗೆ ಕೊಟ್ಟಿದ್ದ ಅಕ್ಷರ. ನೋಡೋಕೆ ದೋಣಿಗೆ ರೆಕ್ಕೆ ಹಚ್ಚಿದ ಹಾಗಿದೆ, ನಿಜವಾಗ್ಲೂ ಹೊಟ್ಟೆ ದೋಣಿ ಥರಾನೇ, ನೀರ ಮೇಲೆ ಇಳಿದು ನೀರಿಂದಾನೇ ಏಳತ್ತೆ. ತಲೆ ಮೇಲೆ ಕಂಬ ನಿಲ್ಲಿಸಿ ಅದರ ಮೇಲೆ ಸುಮಾರು 32 ಮೀಟರ್ ಅಗಲದ ರೆಕ್ಕೆ, ಎರಡು ಎಂಜಿನ್ನು. ಸ್ಪೀಡಲ್ಲಿ ಎಮ್ಮೆ, ಆದ್ರೆ ಒಂದ್ಸಲ ಇಂಧನ ತುಂಬಿಸಿದ್ರೆ ಬೆಳಗ್ಗೆಯಿಂದ ಸಂಜೆವರೆಗೂ ಸುಮ್ಮನೆ ತಿರುಗ್ತಾ ಇರತ್ತೆ, ಗಸ್ತಿಗೆ ಬೇಕಿರೋದೂ ಅದೇ ತಾನೇ. ಕ್ಯಾಟಲೀನಾನ ಎಲ್ಲರೂ ಚಿಕ್ಕದಾಗಿ ಕ್ಯಾಟ್ ಅಂತಿದ್ರು, ಬೆಕ್ಕು ಬಂದಿದ್ದು ಅಲ್ಲಿಂದ.

ನೀರೊಳಗೆ ಹೋದ್ಮೇಲೆ ಸಬ್‌ಮರೀನ್ ಯಾಕೆ ಸಿಗಲ್ಲ

ಆಗಿನ ಸಬ್‌ಮರೀನು ಈಗಿನ ಥರ ತಿಂಗಳುಗಟ್ಟಲೆ ಮುಳುಗಿರ್ತಿರಲಿಲ್ಲ. ಜರ್ಮನ್ನರ ಮಾಮೂಲಿ ಯು-ಬೋಟು, ಅವರ ಸಬ್‌ಮರೀನಿಗೆ ಅದೇ ಹೆಸರು, ನೀರ ಮೇಲೆ ಡೀಸೆಲ್ ಎಂಜಿನ್ನಲ್ಲಿ ಓಡ್ತಿತ್ತು, ಡೀಸೆಲ್‌ಗೆ ಗಾಳಿ ಬೇಕು. ಮುಳುಗಿದ್ರೆ ಬ್ಯಾಟರಿ ಮೇಲೆ, ಆ ಬ್ಯಾಟರಿ ಗಂಟೆಗೆ ಏಳೂವರೆ ಕಿಲೋಮೀಟರ್ ಥರ ನಿಧಾನಕ್ಕೆ ಹೋದ್ರೆ ಸುಮಾರು 150 ಕಿಲೋಮೀಟರಿಗೆಲ್ಲ ಖಾಲಿ. ಹಾಗಾಗಿ ಹೆಚ್ಚು ಹೊತ್ತು ಮೇಲೇ ಇರೋದು, ವಿಮಾನ ಕಂಡ್ರೆ ಮುಳುಗೋದು.

ಮೇಲಿದ್ದಾಗ ರೇಡಾರ್‌ಗೆ ಸಿಗತ್ತೆ, ಕಣ್ಣಿಗೂ ಸಿಗತ್ತೆ. ಮುಳುಗಿದ ತಕ್ಷಣ ವಿಮಾನ ಕುರುಡು, ಯಾಕಂದ್ರೆ ರೇಡಾರಿನ ಅಲೆಗಳು ಸಮುದ್ರದ ಉಪ್ಪುನೀರೊಳಗೆ ಹೋಗೋದೇ ಇಲ್ಲ. ನೀರೊಳಗೆ ಚೆನ್ನಾಗಿ ಓಡಾಡೋದು ಶಬ್ದ, ಅದಕ್ಕೆ ಹಡಗುಗಳಲ್ಲಿ ಶಬ್ದದಿಂದ ಹುಡುಕೋ ಸೋನಾರ್ ಇರತ್ತೆ, ಆದ್ರೆ ಗಂಟೆಗೆ ನೂರೆಂಬತ್ತು ಕಿಲೋಮೀಟರಲ್ಲಿ ಹಾರೋ ವಿಮಾನ ತನ್ನ ಮೈಕನ್ನ ನೀರಲ್ಲಿ ಅದ್ದಿಕೊಂಡು ಹೋಗೋಕಾಗಲ್ಲವಲ್ಲ. ಹಾಗಿದ್ರೆ ನೀರನ್ನೂ ಗಾಳಿಯನ್ನೂ ಒಂದೇ ಥರ ದಾಟೋ ಅಂಥದ್ದು ಏನಿದೆ?

ಅಯಸ್ಕಾಂತ.

ಬೀರು ಪಕ್ಕ ಕಂಪಾಸ್ ಇಟ್ಟ ಹಾಗೆ

ಫೋನಲ್ಲಿರೋ ಕಂಪಾಸ್ ಆ್ಯಪ್ ತೆಗೆದು ಮನೆಯ ಕಬ್ಬಿಣದ ಬೀರು ಹತ್ರ ಹೋಗಿ ನೋಡಿ, ಉತ್ತರ ಎಲ್ಲೋ ಇರ್ಬೇಕಾದ್ದು ಇನ್ನೆಲ್ಲೋ ತಿರುಗತ್ತೆ. ವಾಸ್ತು ನೋಡೋರು ಗೇಟಿನ ಪಕ್ಕ ನಿಂತು ಕಂಪಾಸ್ ಹಿಡಿದು ಕೆಟ್ಟಿದ್ದು ನಾನೇ ನೋಡಿದ್ದೀನಿ, ಬಿಡಿ ಅದು ಬೇರೆ ಕಥೆ. ಭೂಮಿಗೆ ಅದರದ್ದೇ ಒಂದು ಅಯಸ್ಕಾಂತ ಕ್ಷೇತ್ರ ಇದೆ, ಎಲ್ಲಾ ಕಡೆ ಹೆಚ್ಚುಕಮ್ಮಿ ಸಮವಾಗಿ ಹರಡ್ಕೊಂಡಿರತ್ತೆ. ಅದರ ಮಧ್ಯೆ ದೊಡ್ಡ ಕಬ್ಬಿಣದ ಗಂಟು ಬಂದ್ರೆ ಅಲ್ಲಿ ಒಂಚೂರು ಸೊಟ್ಟ ಆಗತ್ತೆ. ಯು-ಬೋಟ್ ಅಂದ್ರೆ 67 ಮೀಟರ್ ಉದ್ದದ, ಏಳುನೂರೈವತ್ತು ಟನ್ ಮೀರಿದ ಉಕ್ಕು. ನೀರೊಳಗಿದ್ರೂ ಆ ಸೊಟ್ಟ ಮೇಲಿನ ಗಾಳಿವರೆಗೂ ಬರತ್ತೆ, ನೀರು ಅದನ್ನ ತಡೆಯಲ್ಲ.

ಈ ಸೊಟ್ಟ ಹಿಡಿಯೋ ಯಂತ್ರಕ್ಕೆ ಹೆಸರು ಮ್ಯಾಗ್ನೆಟಿಕ್ ಅನಾಮಲಿ ಡಿಟೆಕ್ಟರ್. ಮೊದಲಕ್ಷರ ಮೂರು ಸೇರಿಸಿದ್ರೆ ಮ್ಯಾಡ್. ಮ್ಯಾಡ್ ಇರೋ ಕ್ಯಾಟು, ಮ್ಯಾಡ್ ಕ್ಯಾಟ್. ಮಜಾ ಏನಂದ್ರೆ ಇದರ ಒಳಗಿರೋ ಸೂಕ್ಷ್ಮ ಸಾಧನ ಹುಟ್ಟಿದ್ದು ಯುದ್ಧಕ್ಕಲ್ಲ, ಅಮೆರಿಕದ ಗಲ್ಫ್ ಅನ್ನೋ ಎಣ್ಣೆ ಕಂಪನಿಯ ಲ್ಯಾಬಲ್ಲಿ. ವಿಕ್ಟರ್ ವಾಕಿಯೇ ಅನ್ನೋ ವಿಜ್ಞಾನಿ ಅಲ್ಲಿ ಕೆಲಸ ಮಾಡ್ತಿದ್ದಾಗ ಮಾಡಿದ್ದು, ನೆಲದೊಳಗಿನ ಕಲ್ಲಿನ ಪದರ ತಿಳ್ಕೊಂಡ್ರೆ ಎಣ್ಣೆ ಎಲ್ಲಿರಬಹುದು ಅಂತ ಅಂದಾಜು ಮಾಡಬಹುದಲ್ಲ, ಅದಕ್ಕೆ.

ಈಗ ಇದರ ದೊಡ್ಡ ದೌರ್ಬಲ್ಯ ಹೇಳ್ತೀನಿ, ಈ ಇಡೀ ಕಥೆ ನಿಂತಿರೋದೇ ಅದರ ಮೇಲೆ. ದೂರ ಹೋದ ಹಾಗೆ ಅಯಸ್ಕಾಂತದ ಸೊಟ್ಟ ನಿಧಾನಕ್ಕೆ ಕಮ್ಮಿ ಆಗಲ್ಲ, ದಬ್ಬನೆ ಬಿದ್ದುಹೋಗತ್ತೆ. ದೂರ ಎರಡರಷ್ಟಾದ್ರೆ ಎಂಟರಲ್ಲಿ ಒಂದು ಭಾಗ ಉಳಿಯತ್ತೆ, ಮೂರರಷ್ಟಾದ್ರೆ ಇಪ್ಪತ್ತೇಳರಲ್ಲಿ ಒಂದು. ಆಗಿನ ಯಂತ್ರಕ್ಕೆ ಸಬ್‌ಮರೀನ್ ಸಿಗ್ಬೇಕಂದ್ರೆ ಎರಡರ ಮಧ್ಯೆ ಸುಮಾರು 400 ಅಡಿ, ಅಂದ್ರೆ 120 ಮೀಟರ್ ಒಳಗಿರ್ಬೇಕು. ಅದರಲ್ಲಿ ನೀರೂ ಸೇರಿತು ಗಾಳಿನೂ ಸೇರಿತು. ಸಬ್‌ಮರೀನ್ 90 ಮೀಟರ್ ಆಳದಲ್ಲಿದ್ರೆ ವಿಮಾನಕ್ಕೆ ಉಳಿಯೋದು 30 ಮೀಟರ್, ಹತ್ತು ಮಹಡಿ ಕಟ್ಟಡದ ಎತ್ತರ. ಅಷ್ಟು ಕೆಳಗೆ, ಸಮುದ್ರದ ಮೇಲೆ, ಗಂಟೆಗಟ್ಟಲೆ.

ಜತೆಗೆ ವಿಮಾನದಲ್ಲೇ ಎಂಜಿನ್ನು, ಬಾಂಬಿನ ಕಬ್ಬಿಣ, ಕರೆಂಟ್ ಹರಿಯೋ ವೈರು ಎಲ್ಲಾ ಇರತ್ತಲ್ಲ, ಅದರ ಗಲಾಟೆಯಿಂದ ತಪ್ಪಿಸೋಕೆ ಯಂತ್ರದ ತಲೆನ ಆದಷ್ಟೂ ಹಿಂದಕ್ಕೆ, ಬಾಲದ ತುದಿಗೆ ತಳ್ಳಿದ್ರು. ಪಿ-8ಐ ಬಾಲದಲ್ಲಿ ಅಕ್ಕನ ಮಗ ನೋಡಿದ ಕಡ್ಡಿ ಅದೇ. ಒಳಗೆ ಒಬ್ಬ ಕೂತು ನಿಧಾನಕ್ಕೆ ಓಡೋ ಕಾಗದದ ಪಟ್ಟಿ ಮೇಲೆ ಪೆನ್ನು ಬರೆಯೋ ಗೆರೆ ನೋಡ್ತಾ ಇರೋದು, ಇಸಿಜಿ ತೆಗೀತಾರಲ್ಲ ಹಾಗೆ. ಗೆರೆ ಸುಮ್ನೆ ಹೋಗ್ತಾ ಇದ್ದು ಇದ್ದಕ್ಕಿದ್ದ ಹಾಗೆ ಎಗರಿದ್ರೆ ಕೆಳಗೆ ಏನೋ ಇದೆ ಅಂತ. ಏನೋ ಅಷ್ಟೇ, ಏನು ಅಂತ ಹೇಳಲ್ಲ. ಹಳೇ ಮುಳುಗಿದ ಹಡಗಿದ್ರೂ ಎಗರತ್ತೆ, ವಿಮಾನ ಜೋರಾಗಿ ವಾಲಿದ್ರೂ ಎಗರತ್ತೆ.

ಮೊದ್ಲು ಕಳಿಸಿದ್ದು ತಪ್ಪು ಜಾಗಕ್ಕೆ

ವಿಪಿ-63 ಶುರುವಾಗಿದ್ದು 1942ರ ಸೆಪ್ಟೆಂಬರಲ್ಲಿ. ಟ್ರೈನಿಂಗ್ ಎಲ್ಲ ಮುಗಿಸಿ 1943ರ ಜುಲೈಯಲ್ಲಿ ಬ್ರಿಟನ್ನಿನ ವೇಲ್ಸ್ ಕಡೆ ಇರೋ ಪೆಂಬ್ರೋಕ್ ಡಾಕ್‌ಗೆ ಬಂದ್ರು, ಆ ಯುದ್ಧದಲ್ಲಿ ಬ್ರಿಟನ್ ನೆಲದಿಂದ ಕಾರ್ಯಾಚರಣೆ ಮಾಡಿದ ಮೊದಲ ಅಮೆರಿಕನ್ ನೌಕಾ ಸ್ಕ್ವಾಡ್ರನ್ ಇದು. ಕೆಲಸ ಬಿಸ್ಕೆ ಕೊಲ್ಲಿ ಮೇಲೆ ಗಸ್ತು, ಫ್ರಾನ್ಸಿನ ಪಶ್ಚಿಮ ತೀರದ ಬಂದರುಗಳಿಂದ ಯು-ಬೋಟುಗಳು ಅಟ್ಲಾಂಟಿಕ್‌ಗೆ ಹೋಗಿ ಬರೋ ದಾರಿ ಅದು.

ಅಲ್ಲಿ ಈ ಯಂತ್ರ ಹೆಚ್ಚು ಕೆಲಸಕ್ಕೆ ಬರಲಿಲ್ಲ. ಕಾರಣ ಸಿಂಪಲ್. ಕೊಲ್ಲಿ ಅಂದ್ರೂ ಅದು ನೂರಾರು ಕಿಲೋಮೀಟರ್ ಅಗಲದ ಬಯಲು, ನಿಮ್ಮ ಯಂತ್ರಕ್ಕೆ ಕಾಣೋದು ಎರಡೂ ಪಕ್ಕ ಸೇರಿ ಇನ್ನೂರು ಚಿಲ್ಲರೆ ಮೀಟರ್. ಮೈದಾನದಲ್ಲಿ ಬಿದ್ದ ಸೂಜಿನ ಸ್ಟ್ರಾ ಒಳಗಿಂದ ಇಣುಕಿ ಹುಡುಕಿದ ಹಾಗೆ. ಅದೂ ಅಲ್ಲದೆ ಆ ಬೇಸಿಗೇಲಿ ಯು-ಬೋಟುಗಳು ಗುಂಪು ಕಟ್ಕೊಂಡು ಹಗಲಲ್ಲೇ ನೀರ ಮೇಲೆ ಬರ್ತಿದ್ವು, ವಿಮಾನ ಬಂದ್ರೆ ಫಿರಂಗಿಯಲ್ಲಿ ಹೊಡೀತಿದ್ವು, ಮೇಲಿರೋ ಸಬ್‌ಮರೀನಿಗೆ ಮ್ಯಾಡ್ ಯಾಕೆ? ಸಾಲದ್ದಕ್ಕೆ ಜರ್ಮನ್ನರ ಜು-88 ವಿಮಾನಗಳು ಇಂಥ ನಿಧಾನದ ಗಸ್ತು ವಿಮಾನಗಳನ್ನೇ ಹುಡುಕಿ ಹೊಡೀತಿದ್ವು.

1943ರ ಆಗಸ್ಟ್ 1ರಂದು ಈ ಸ್ಕ್ವಾಡ್ರನ್ನಿನ ಒಂದು ಕ್ಯಾಟಲೀನಾ ಮೇಲೆ ಎಂಟು ಜು-88 ಮುಗಿಬಿದ್ವು. ವಿಮಾನ ಹೋಯ್ತು, ಬದುಕಿದ್ದು ಪೈಲಟ್ ವಿಲಿಯಂ ಟ್ಯಾನರ್ ಮತ್ತೆ ಇನ್ನಿಬ್ಬರು. ಈ ಟ್ಯಾನರ್ ಯಾರು ಗೊತ್ತಾ, 1941ರ ಡಿಸೆಂಬರ್ 7ರ ಬೆಳಗ್ಗೆ, ಪರ್ಲ್ ಹಾರ್ಬರ್ ಮೇಲೆ ಜಪಾನಿನ ವಿಮಾನಗಳು ಬರೋಕೆ ಒಂದು ಗಂಟೆ ಮುಂಚೆ, ಬಂದರಿನ ಬಾಗಿಲಲ್ಲಿ ನುಸುಳ್ತಿದ್ದ ಜಪಾನಿನ ಪುಟ್ಟ ಸಬ್‌ಮರೀನ್ ಮೇಲೆ ವಾರ್ಡ್ ಅನ್ನೋ ಹಡಗು ಗುಂಡು ಹಾರಿಸ್ತಲ್ಲ, ಅದೇ ಜಾಗದಲ್ಲಿ ಕ್ಯಾಟಲೀನಾದಿಂದ ಬಾಂಬು ಹಾಕಿದವನು. ಅಮೆರಿಕದ ಪಾಲಿನ ಯುದ್ಧ ಶುರುವಾದ ಗಳಿಗೇಲೂ ಇದ್ದ, ಇಲ್ಲೂ ಇದ್ದ.

ಜಿಬ್ರಾಲ್ಟರ್: ಒಂದೇ ಬಾಗಿಲು, ಒಳಕ್ಕೆ ಮಾತ್ರ

1944ರ ಶುರುವಲ್ಲಿ ಸ್ಕ್ವಾಡ್ರನ್ನನ್ನ ಮೊರಾಕ್ಕೋದ ಪೋರ್ಟ್ ಲ್ಯೊಟೆಗೆ ಕಳಿಸಿದ್ರು, ಈಗ ಆ ಊರನ್ನ ಕೆನಿತ್ರಾ ಅಂತಾರೆ. ಅಲ್ಲಿಂದ ಇನ್ನೂರು ಕಿಲೋಮೀಟರ್ ಆಸುಪಾಸಲ್ಲಿ ಜಿಬ್ರಾಲ್ಟರ್ ಜಲಸಂಧಿ. ಮೇಲೆ ಸ್ಪೇನು, ಕೆಳಗೆ ಆಫ್ರಿಕಾ, ಮಧ್ಯೆ ನೀರು, ತುಂಬಾ ಕಿರಿದಾದ ಕಡೆ 14 ಕಿಲೋಮೀಟರ್ ಅಷ್ಟೇ. ಮೆಜೆಸ್ಟಿಕ್ಕಿಂದ ವೈಟ್‌ಫೀಲ್ಡಿಗೆ ಹೋಗೋ ದೂರಕ್ಕಿಂತ ಕಮ್ಮಿ.

ಜರ್ಮನ್ನರು 1941ರ ಸೆಪ್ಟೆಂಬರಿಂದ ಈ ದಾರೀಲಿ ಯು-ಬೋಟುಗಳನ್ನ ಮೆಡಿಟರೇನಿಯನ್ ಸಮುದ್ರಕ್ಕೆ ನುಗ್ಗಿಸ್ತಿದ್ರು, ಒಟ್ಟು 62 ಒಳಗೆ ಹೋದ್ವು. ಒಂದೂ ವಾಪಸ್ ಬರಲಿಲ್ಲ. ಕಾರಣ ಅಲ್ಲಿನ ನೀರು, ಇದನ್ನ ಸ್ವಲ್ಪ ನಿಧಾನಕ್ಕೆ ನೋಡೋಣ, ಯಾಕಂದ್ರೆ ಭಾಳ ಚೆನ್ನಾಗಿದೆ.

ಮೆಡಿಟರೇನಿಯನ್ ಹೆಚ್ಚುಕಮ್ಮಿ ಸುತ್ತಲೂ ನೆಲ ಇರೋ ಸಮುದ್ರ, ಬಿಸಿಲು ಜೋರು. ಮಳೆಯಿಂದ ನದಿಯಿಂದ ಬರೋ ನೀರಿಗಿಂತ ಆವಿಯಾಗಿ ಹೋಗೋ ನೀರೇ ಜಾಸ್ತಿ. ನೀರು ಹೋದ್ಮೇಲೆ ಉಪ್ಪು ಉಳಿಯತ್ತೆ, ಸಾರು ಕುದ್ದೂ ಕುದ್ದೂ ಉಪ್ಪಾಗತ್ತಲ್ಲ ಹಾಗೆ. ಉಪ್ಪು ಜಾಸ್ತಿ ಇರೋ ನೀರು ಭಾರ, ಅದು ತಳಕ್ಕೆ ಇಳಿದು ಜಲಸಂಧಿಯ ಅಡಿಯಿಂದ ಅಟ್ಲಾಂಟಿಕ್ ಕಡೆ ಹೊರಕ್ಕೆ ಹರಿಯತ್ತೆ. ಕಮ್ಮಿಯಾದ ನೀರನ್ನ ತುಂಬೋಕೆ ಅಟ್ಲಾಂಟಿಕ್ಕಿನ ಹಗುರ ನೀರು ಮೇಲಿಂದ ಒಳಕ್ಕೆ ಬರತ್ತೆ. ಫ್ರಿಜ್ ಬಾಗಿಲು ತೆಗೆದಾಗ ಕಾಲಿಗೆ ತಣ್ಣಗೆ ತಾಗತ್ತಲ್ಲ, ತಂಪು ಗಾಳಿ ಕೆಳಗಿಂದ ಹೊರಗೆ, ಬಿಸಿ ಗಾಳಿ ಮೇಲಿಂದ ಒಳಗೆ. ಒಂದೇ ಬಾಗಿಲು, ಎರಡು ದಾರಿ.

ಯು-ಬೋಟಿನ ಕ್ಯಾಪ್ಟನ್‌ಗಳಿಗೆ ಈ ಮೇಲಿನ ಹರಿವು ವರ. ಮುಳುಗಿ, ಮೋಟರನ್ನ ಆದಷ್ಟು ನಿಧಾನ ಮಾಡಿ, ಹರಿವಿನ ಜತೆ ತೇಲ್ಕೊಂಡು ಒಳಗೆ ಹೋಗೋದು. ಸದ್ದಿಲ್ಲ, ಬ್ಯಾಟರಿ ಖರ್ಚೂ ಕಮ್ಮಿ. ಮೇಲೆ ಬ್ರಿಟಿಷ್ ಹಡಗುಗಳು ಸೋನಾರ್ ಹಾಕ್ಕೊಂಡು ಕಾಯ್ತಿದ್ರೂ ಪ್ರಯೋಜನ ಅಷ್ಟಕ್ಕಷ್ಟೆ, ಯಾಕಂದ್ರೆ ಉಪ್ಪು ಬೇರೆ ಬೇರೆ ಇರೋ ಎರಡು ಪದರದ ಮಧ್ಯೆ ಶಬ್ದ ಬಾಗತ್ತೆ, ನೀರಿನ ಲೋಟದಲ್ಲಿ ಚಮಚ ಮುರಿದ ಹಾಗೆ ಕಾಣ್ಸತ್ತಲ್ಲ, ಶಬ್ದಕ್ಕೂ ಅದೇ ಗತಿ. ಆದ್ರೆ ಅದೇ ಹರಿವಿಗೆ ಎದುರಾಗಿ ಮುಳುಗಿಕೊಂಡು ವಾಪಸ್ ಬರೋದು ಬ್ಯಾಟರಿಗೆ ಆಗದ ಕೆಲಸ. ಹಾಗಾಗಿ ಒಳಗೆ ಹೋದವರು ಹೋದ ಹಾಗೇ.

ಸೋನಾರ್‌ಗೆ ಮೋಸ ಮಾಡೋ ಪದರಗಳು ಅಯಸ್ಕಾಂತಕ್ಕೆ ಏನೂ ಮಾಡಲ್ಲ. ಮ್ಯಾಡ್ ಯಂತ್ರಕ್ಕೆ ಬೇಕಿದ್ದ ಜಾಗ ಇದೇ: ಕಿರಿದು, ಶತ್ರು ಬಂದೇ ಬರ್ಬೇಕಾದ ದಾರಿ, ಬಂದ್ರೂ ಮುಳುಗಿ, ನಿಧಾನಕ್ಕೆ.

ಬೇಲಿ ಹಾಕಿದ್ದು

ಲೆಫ್ಟಿನೆಂಟ್ ಕಮಾಂಡರ್ ಕರ್ಟಿಸ್ ಹಚಿಂಗ್ಸ್ ಕೈಕೆಳಗೆ ಫೆಬ್ರವರಿಯಲ್ಲಿ ಗಸ್ತು ಶುರುವಾಯ್ತು. ಎರಡು ಕ್ಯಾಟಲೀನಾ, ಸುಮಾರು ಆರೂವರೆ ಕಿಲೋಮೀಟರ್ ಉದ್ದ ಒಂದೂವರೆ ಕಿಲೋಮೀಟರ್ ಅಗಲದ ಒಂದು ಉದ್ದನೆ ಚೌಕ, ಜಲಸಂಧಿಗೆ ಅಡ್ಡಲಾಗಿ. ಒಂದು ವಿಮಾನ ಈ ತುದೀಲಿದ್ರೆ ಇನ್ನೊಂದು ಆ ತುದೀಲಿ, 30 ಮೀಟರ್ ಎತ್ತರದಲ್ಲಿ ಸುತ್ತು, ಮತ್ತೆ ಸುತ್ತು. ಲೆಕ್ಕ ಹಾಕಿ ನೋಡಿ, ಒಂದು ಸುತ್ತಿಗೆ 16 ಕಿಲೋಮೀಟರ್, ಗಂಟೆಗೆ 185ರ ಸ್ಪೀಡಿಗೆ ಐದು ನಿಮಿಷ ಚಿಲ್ಲರೆ, ಎರಡು ವಿಮಾನ ಇದ್ರೆ ಬೇಲಿಯ ಯಾವುದೇ ಒಂದು ಬಿಂದುವಿನ ಮೇಲೆ ಹೆಚ್ಚುಕಮ್ಮಿ ಮೂರು ನಿಮಿಷಕ್ಕೊಂದು ವಿಮಾನ. ಮುಳುಗಿರೋ ಯು-ಬೋಟು ಅಷ್ಟರಲ್ಲಿ ಮುನ್ನೂರು ನಾನೂರು ಮೀಟರ್ ಹೋಗಿರತ್ತೆ ಅಷ್ಟೇ, ಮತ್ತೆ ಅದು ಚೌಕದ ಎರಡು ಗೆರೆನೂ ದಾಟ್ಬೇಕು.

ಹೊಲಿಗೆ ಮಿಷನ್ ಥರದ ಕೆಲಸ ಇದು, ಹೀರೋಗಿರಿ ಏನಿಲ್ಲ. ಬೆಳಗಾದಾಗಿಂದ ಕತ್ತಲಾಗೋವರೆಗೂ ಪಾಳಿ ಪಾಳಿಯಾಗಿ ಅದೇ ಸುತ್ತು, ಪೆನ್ನಿನ ಗೆರೆ ನೋಡ್ತಾ. ಕತ್ತಲಲ್ಲಿ ಅಷ್ಟು ಕೆಳಗೆ ಹಾರೋದು ಸಾವಿಗೆ ದಾರಿ, ಹಾಗಾಗಿ ರಾತ್ರಿ ಪಾಳಿ ಸರ್ಚ್‌ಲೈಟ್ ಕಟ್ಟಿದ ಬ್ರಿಟಿಷರ ವೆಲಿಂಗ್ಟನ್ ವಿಮಾನಗಳದ್ದು. ರಾತ್ರಿ ಅವರಿಗೆ ಹೆದರಿ ಮುಳುಗಿಕೊಂಡ್ರೆ ಹಗಲಲ್ಲಿ ಬೆಕ್ಕುಗಳ ಬಾಯಿಗೆ.

ಹಿಂದಕ್ಕೆ ಹಾರೋ ಬಾಂಬು

ಇಲ್ಲೊಂದು ತೊಡಕಿದೆ, ಮೊದ್ಲು ಓದಿದಾಗ ನನಗೂ ಹೊಳೆದಿರಲಿಲ್ಲ. ಮ್ಯಾಡ್ ಯಂತ್ರದ ಗೆರೆ ಎಗರೋದು ವಿಮಾನ ಸಬ್‌ಮರೀನಿನ ನೆತ್ತಿ ಮೇಲೆ ಬಂದಾಗ. ಆಗ ಬಾಂಬು ಬಿಟ್ರೆ? ಓಡ್ತಿರೋ ಬಸ್ಸಿಂದ ಇಳಿಯೋವಾಗ ನಾವು ಮುಂದಕ್ಕೆ ಓಡ್ಬೇಕಾಗತ್ತಲ್ಲ, ಬಸ್ಸಿನ ಸ್ಪೀಡು ನಮ್ಮ ಮೈಯಲ್ಲೇ ಇರತ್ತೆ. ಬಾಂಬಿಗೂ ಹಾಗೇ. 30 ಮೀಟರ್ ಬೀಳೋಕೆ ಎರಡೂವರೆ ಸೆಕೆಂಡ್ ಬೇಕು, ಅಷ್ಟರಲ್ಲಿ ಅದು ಮುಂದಕ್ಕೆ ಸುಮಾರು 125 ಮೀಟರ್ ಹೋಗಿರತ್ತೆ. ಸಬ್‌ಮರೀನು ಹಿಂದೆ, ಬಾಂಬು ಮುಂದೆ.

ಅದಕ್ಕೆ ಕ್ಯಾಲಿಫೋರ್ನಿಯಾದ ಕ್ಯಾಲ್ಟೆಕ್ ಸಂಸ್ಥೆಯವರು ಮಾಡಿದ ಉಪಾಯ ರೆಟ್ರೋ ರಾಕೆಟ್ಟು. ಬಾಂಬಿಗೆ ರಾಕೆಟ್ ಕಟ್ಟಿ ವಿಮಾನ ಎಷ್ಟು ಸ್ಪೀಡಲ್ಲಿ ಮುಂದೆ ಹೋಗ್ತಿದೆಯೋ ಅಷ್ಟೇ ಸ್ಪೀಡಲ್ಲಿ ಹಿಂದಕ್ಕೆ ಹಾರಿಸೋದು. ಮುಂದಿಂದೂ ಹಿಂದಿಂದೂ ವಜಾ, ಬಾಂಬು ಗಾಳಿಯಲ್ಲೇ ನಿಂತ ಹಾಗಾಗಿ ಸೀದಾ ಕೆಳಗೆ ಬೀಳತ್ತೆ, ಕಟ್ಟೆ ಮೇಲಿಂದ ತೆಂಗಿನಕಾಯಿ ಬಿಟ್ಟ ಹಾಗೆ. ನೆಲದಿಂದ ನೋಡಿದವರಿಗೆ ವಿಮಾನ ಮುಂದೆ ಹೋಗ್ತಾ ಇದೆ, ಬಾಂಬು ಮಾತ್ರ ಎಲ್ಲಿತ್ತೋ ಅಲ್ಲೇ ಜಾರಿ ಬಿತ್ತು ಅನ್ನಿಸ್ಬೇಕು. ಎರಡೂ ರೆಕ್ಕೆ ಕೆಳಗೆ ಸೇರಿ ಒಂದು ವಿಮಾನಕ್ಕೆ ಇಂಥ 24 ರಾಕೆಟ್ಟು.

ಇನ್ನೊಂದು ವಿಶೇಷ, ಈ ಬಾಂಬು ಚಿಕ್ಕದು, ಏನಕ್ಕಾದ್ರೂ ತಾಗಿದ್ರೆ ಮಾತ್ರ ಸಿಡಿಯತ್ತೆ. ಮಾಮೂಲಿ ಡೆಪ್ತ್ ಚಾರ್ಜ್ ಅಂದ್ರೆ ಗೊತ್ತು ಮಾಡಿದ ಆಳಕ್ಕೆ ಹೋಗಿ ತಾಗಲಿ ಬಿಡಲಿ ಸಿಡಿಯೋದು, ಸಿಡಿದ್ರೆ ನೀರೆಲ್ಲ ಕಲಕಿ ಆಮೇಲೆ ಹುಡುಕೋಕೆ ಆಗಲ್ಲ. ಇದು ತಪ್ಪಿದ್ರೆ ಗುಳುಂ ಅಂತ ಮುಳುಗಿ ಸುಮ್ಮನಾಗತ್ತೆ. ಸದ್ದು ಬಂತಾ, ತಾಗಿದೆ ಅಂತ ಲೆಕ್ಕ.

ಒಂದೇ ಸಲಕ್ಕೆ ಹೊಡೀತಿರಲಿಲ್ಲ. ಮೊದಲ ಸಲ ಗೆರೆ ಎಗರಿದಾಗ ನೀರಿಗೆ ಒಂದು ಹೊಗೆ ಬರೋ ಗುರುತು ಹಾಕೋದು. ತಿರುಗಿ ಬಂದು ಮತ್ತೆ ಸಿಕ್ಕಿದ್ರೆ ಇನ್ನೊಂದು. ಹೀಗೆ ಮೂರು ನಾಲ್ಕು ಹೊಗೆ ಸಾಲಾಗಿ ನಿಂತ್ರೆ ಸಬ್‌ಮರೀನ್ ಯಾವ ಕಡೆ ಎಷ್ಟು ಸ್ಪೀಡಲ್ಲಿ ಹೋಗ್ತಿದೆ ಅಂತ ನೀರ ಮೇಲೇ ಬರೆದ ಹಾಗೆ. ಮುಳುಗಿದ ಹಳೇ ಹಡಗಾಗಿದ್ರೆ ಹೊಗೆಗಳು ಮುಂದೆ ಸಾಗಲ್ಲ, ಅದೂ ಗೊತ್ತಾಗತ್ತೆ.

1944ರ ಫೆಬ್ರವರಿ 24

ಬೇಲಿ ಹಾಕಿ ಇನ್ನೂ ಕೆಲವೇ ದಿನ. ಆ ದಿನ ಮಧ್ಯಾಹ್ನ ನಾಲ್ಕು ಗಂಟೆ ಸುಮಾರಿಗೆ ವೂಲಿ ಅನ್ನೋ ಪೈಲಟ್ಟಿನ ಕ್ಯಾಟಲೀನಾದಲ್ಲಿ ಪೆನ್ನು ಎಗರಿತು. ಜತೆಗಿದ್ದ ಬೇಕರ್ ಅನ್ನೋರ ವಿಮಾನವೂ ಬಂತು, ಇಬ್ಬರೂ ಸೇರಿ ಹೊಗೆ ಗುರುತು ಹಾಕ್ತಾ ಹೋದ್ರು. ಕೆಳಗಿದ್ದಿದ್ದು ಯು-761.

ಅಷ್ಟರಲ್ಲಿ ಬ್ರಿಟಿಷ್ ಡಿಸ್ಟ್ರಾಯರ್ ಹಡಗುಗಳು ಏನಾಯ್ತು ಅಂತ ಹತ್ರ ಬಂದ್ವು. ಸಹಾಯ ಮಾಡೋಕೇ ಬಂದಿದ್ದು, ಆದ್ರೆ ಹಡಗೂ ಸಾವಿರಾರು ಟನ್ ಉಕ್ಕು ತಾನೇ, ಯಂತ್ರಕ್ಕೆ ಗೆಳೆಯರ ಉಕ್ಕು ಶತ್ರುಗಳ ಉಕ್ಕು ಅಂತ ಭೇದ ಇಲ್ಲ, ಸುಳಿವು ತಪ್ಪಿಹೋಯ್ತು. ಎರಡೂ ವಿಮಾನ ಮತ್ತೆ ಹುಡುಕ್ತಾ ಸುತ್ತು ಹಾಕಿ ಹಾಕಿ ಕಡೆಗೂ ಹಿಡ್ಕೊಂಡು ರೆಟ್ರೋ ರಾಕೆಟ್ಟು ಬಿಟ್ವು. ಆಮೇಲೆ ಆಂಥನಿ, ವಿಶಾರ್ಟ್ ಅನ್ನೋ ಹಡಗುಗಳು ಡೆಪ್ತ್ ಚಾರ್ಜ್ ಹಾಕಿದ್ವು, ಯು-761 ಮೇಲೆ ಬಂತು, ಬೇರೆ ವಿಮಾನಗಳೂ ಹೊಡೆದ್ವು, ಅದರ ಸಿಬ್ಬಂದಿನೇ ಅದನ್ನ ಮುಳುಗಿಸಿ ನೀರಿಗೆ ಹಾರಿದ್ರು. 9 ಜನ ಸತ್ತರು, 48 ಜನ ಬದುಕಿ ಸೆರೆಯಾದ್ರು.

ಮ್ಯಾಡ್ ಯಂತ್ರದ ಸುಳಿವಿಂದ ಮುಳುಗಿದ ಮೊದಲ ಸಬ್‌ಮರೀನ್ ಇದು. ಕಣ್ಣಿಗೆ ಕಾಣದೆ, ಕಿವಿಗೆ ಕೇಳಿಸದೆ, ಕಾಗದದ ಮೇಲಿನ ಒಂದು ಗೆರೆ ನಂಬ್ಕೊಂಡು.

ಮಾರ್ಚ್ 16ಕ್ಕೆ ಯು-392. ಮೂರು ಕ್ಯಾಟಲೀನಾ ಹುಡುಕಿ ಹೊಡೆದ್ವು, ಅಫ್ಲೆಕ್ ಅನ್ನೋ ಬ್ರಿಟಿಷ್ ಹಡಗು ಕೆಲಸ ಮುಗಿಸ್ತು, ಒಳಗಿದ್ದ 52 ಜನರಲ್ಲಿ ಒಬ್ಬರೂ ಉಳೀಲಿಲ್ಲ. ಮೇ 15ಕ್ಕೆ ಯು-731, ಎರಡು ಕ್ಯಾಟಲೀನಾ, ಜತೆಗೆ ಕಿಲ್ಮಾರ್ನಕ್ ಮತ್ತೆ ಬ್ಲ್ಯಾಕ್‌ಫ್ಲೈ ಅನ್ನೋ ಹಡಗುಗಳು, 54 ಜನ, ಅಲ್ಲೂ ಯಾರೂ ಉಳೀಲಿಲ್ಲ. ಯು-392, ಯು-731ರಲ್ಲಿದ್ದವರಿಗೆ ತಮ್ಮನ್ನ ಹೇಗೆ ಕಂಡುಹಿಡಿದ್ರು ಅಂತ ಕಡೇ ಗಳಿಗೆವರೆಗೂ ಅರ್ಥ ಆಗಿರೋಕೆ ಸಾಧ್ಯ ಇಲ್ಲ ಅನ್ಸತ್ತೆ. ಮೋಟರ್ ಸದ್ದು ಮಾಡಿಲ್ಲ, ಮೇಲೆ ಬಂದಿಲ್ಲ, ಎಲ್ಲಾ ರೂಲ್ಸ್ ಪ್ರಕಾರಾನೇ ಮಾಡಿದ್ದಾರೆ.

ಬೇಲಿ ಹಾಕಿದ್ಮೇಲೆ ಒಂದೂ ನುಸುಳಲಿಲ್ಲ ಅಂತ ಕೆಲವು ಕಡೆ ಬರೀತಾರೆ, ಅದು ಸ್ವಲ್ಪ ಉಬ್ಬಿಸಿದ್ದು. ಮಾರ್ಚ್, ಏಪ್ರಿಲ್‌ನಲ್ಲೂ ಕೆಲವು ಒಳಗೆ ಹೋಗಿವೆ.

ಕ್ಯಾಟಲೀನಾಗೂ ಬೆಳ್ಳಂದೂರು ಕೆರೆಗೂ ನಂಟು

ಇದು ವಿಪಿ-63 ವಿಮಾನಗಳ ವಿಷಯ ಅಲ್ಲ, ಅದೇ ಜಾತಿಯ ಬೇರೆ ವಿಮಾನಗಳದ್ದು, ಆದ್ರೂ ಹೇಳದೆ ಇರೋಕಾಗಲ್ಲ. ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1940ರ ಡಿಸೆಂಬರಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತೆ ಮೈಸೂರು ಸಂಸ್ಥಾನ ಸೇರಿ ಶುರು ಮಾಡಿದ್ದು. 1943ರಲ್ಲಿ ಅದು ಅಮೆರಿಕ ಸೇನೆಯ ವಾಯುಪಡೆ ಕೈಗೆ ಹೋಗಿ ಅವರ 84ನೇ ಏರ್ ಡಿಪೋ ಆಯ್ತು, ಭಾರತ-ಬರ್ಮಾ ಕಡೆ ಹಾರೋ ವಿಮಾನಗಳ ರಿಪೇರಿ ಎಲ್ಲ ಅಲ್ಲೇ. ಅಲ್ಲಿ ಮೊದಲು ಪೂರ್ತಿ ಬಿಚ್ಚಿ ರಿಪೇರಿ ಮಾಡಿದ ವಿಮಾನ ಕ್ಯಾಟಲೀನಾ. ನೀರ ಮೇಲೆ ಇಳಿಯೋ ವಿಮಾನಕ್ಕೆ ಹತ್ರದಲ್ಲೇ ದೊಡ್ಡ ನೀರು ಬೇಕಲ್ಲ, ಅದಕ್ಕೆ ಬೆಳ್ಳಂದೂರು ಕೆರೆ. ಹೌದು, ಕೆಲವು ವರ್ಷದ ಹಿಂದೆ ನೊರೆ ಎದ್ದು ಬೆಂಕಿ ಹತ್ಕೊಂಡು ಸುದ್ದಿಯಾಗಿತ್ತಲ್ಲ, ಅದೇ ಕೆರೆ. 32 ಮೀಟರ್ ರೆಕ್ಕೆಯ ದೋಣಿ-ವಿಮಾನ ಅಲ್ಲಿ ನೀರು ಸೀಳ್ಕೊಂಡು ಇಳೀತಿತ್ತು ಅಂತ ಔಟರ್ ರಿಂಗ್ ರೋಡ್ ಟ್ರಾಫಿಕ್ಕಲ್ಲಿ ನಿಂತಾಗ ಯೋಚನೆ ಮಾಡಿ.

ಆಮೇಲೆ ಏನಾಯ್ತು, ಈಗ ಏನಿದೆ

1945ರ ಶುರುವಲ್ಲಿ ಸ್ಕ್ವಾಡ್ರನ್ನಿನ ಒಂದು ಭಾಗ ಮತ್ತೆ ಇಂಗ್ಲೆಂಡಿಗೆ ಹೋಯ್ತು. ಏಪ್ರಿಲ್ 30ರಂದು, ಬರ್ಲಿನ್ನಲ್ಲಿ ಹಿಟ್ಲರ್ ಗುಂಡು ಹೊಡ್ಕೊಂಡ ದಿನಾನೇ, ಫ್ರಾನ್ಸಿನ ಬ್ರೆಸ್ಟ್ ಪಶ್ಚಿಮಕ್ಕೆ ಅವರ ಒಂದು ಕ್ಯಾಟಲೀನಾ ರೆಟ್ರೋ ರಾಕೆಟ್ಟಲ್ಲಿ ಇನ್ನೊಂದು ಯು-ಬೋಟನ್ನ ಮುಳುಗಿಸ್ತು. ಜುಲೈ 2ಕ್ಕೆ ಸ್ಕ್ವಾಡ್ರನ್ನನ್ನೇ ಮುಚ್ಚಿದ್ರು.

ಯಂತ್ರ ಮಾತ್ರ ಉಳೀತು. ಈಗ ಮ್ಯಾಡ್ ಒಂದನ್ನೇ ನಂಬ್ಕೊಂಡು ಯಾರೂ ಹುಡುಕಲ್ಲ, ವಿಮಾನದಿಂದ ಸೋನೋಬಾಯ್ ಅನ್ನೋ ತೇಲೋ ಮೈಕುಗಳನ್ನ ನೀರಿಗೆ ಎಸೆದು ದೂರದಿಂದ ಸದ್ದು ಕೇಳಿಸ್ಕೊಂಡು ಜಾಗ ಅಂದಾಜು ಮಾಡ್ತಾರೆ, ಕಡೇಗೆ ಹತ್ರ ಹೋಗಿ ಇಲ್ಲೇ ಇದೆ ಅಂತ ಖಾತ್ರಿ ಮಾಡ್ಕೊಳ್ಳೋಕೆ ಮ್ಯಾಡ್. ಅಮೆರಿಕದವರು ತಮ್ಮ ಪಿ-8ಎ ವಿಮಾನದಿಂದ ಇದನ್ನ ತೆಗೆದೇ ಬಿಟ್ರು, ಅದು ಎತ್ತರದಲ್ಲಿ ಹಾರೋದಕ್ಕೆ ಅಂತ ಮಾಡಿದ್ದು, ಎತ್ತರಕ್ಕೂ ಮ್ಯಾಡ್‌ಗೂ ಆಗ್ಬರಲ್ಲ ಅಂತ ಮೇಲೇ ನೋಡಿದ್ವಲ್ಲ. ಭಾರತ ಮಾತ್ರ ತನ್ನ ಪಿ-8ಐಗೆ ಬೇಕು ಅಂತ ಇಟ್ಟುಕೊಳ್ತು. 2013ರಲ್ಲಿ ಮೊದಲನೇದು ತಮಿಳುನಾಡಿನ ಅರಕ್ಕೋಣಂನ ಐಎನ್‌ಎಸ್ ರಾಜಾಳಿಗೆ ಬಂತು, ಈಗ ಒಟ್ಟು 12 ಇವೆ, ಕೆಲವು ಇಲ್ಲೇ ಕಾರವಾರದ ಪಕ್ಕ, ಗೋವಾದಿಂದ ಹಾರ್ತವೆ.

ಸಬ್‌ಮರೀನ್ ಕಟ್ಟೋರೂ ಸುಮ್ಮನೆ ಕೂತಿಲ್ಲ. ಪಾತ್ರೆ ಅಂಗಡೀಲಿ ಅಮ್ಮಂದಿರು ಸ್ಟೀಲ್ ಒಳ್ಳೇದಾ ಅಂತ ಅಯಸ್ಕಾಂತ ಹಿಡಿದು ನೋಡ್ತಾರಲ್ಲ, ಅಂಟದೆ ಇದ್ರೆ ಒಳ್ಳೇ ಮಾಲು ಅಂತ? ಜರ್ಮನ್ನರು ಈಗ ಕಟ್ಟೋ 212 ಮಾದರಿಯ ಸಬ್‌ಮರೀನಿನ ಮೈ ಅಂಥ ಅಂಟದ ಸ್ಟೀಲಿಂದಾನೇ ಮಾಡ್ತಾರೆ.